ಜಂಪ್ ಸರಿ ಇಲ್ದಿದ್ರೆ ಗೇಮೇ ಇಲ್ಲ: ಶಿವಮೊಗ್ಗದಲ್ಲಿ ಕೂತು ಪ್ಲಾಟ್‌ಫಾರ್ಮರ್ ಮಾಡಿದ ನನ್ನ ಅನುಭವ

ಪ್ಲೇ ಸ್ಟೋರಲ್ಲಿ ಪ್ಲಾಟ್‌ಫಾರ್ಮರ್, ಅಂದ್ರೆ ಓಡೋ ಹಾರೋ ಗೇಮ್ ಹುಡುಕಿ ನೋಡಿ, ಮಂಗ, ನಿಂಜಾ, ಡೈನೋಸಾರ್, ಯಾವ್ದು ತೆಗೆದ್ರೂ ಅದೇ ಹಸಿರು ನೆಲ, ಅದೇ ತೇಲೋ ಹಲಗೆ, ಅದೇ ನಾಣ್ಯ, ಒಂದು ಲೆವೆಲ್ ಮುಗಿಯೋದ್ರೊಳಗೆ ಅದೇ ಜಾಹೀರಾತು. ಇಂಥ ಗೇಮುಗಳನ್ನ ನಾನೂ ಮಾಡಿಕೊಟ್ಟಿದೀನಿ. ವಿನೋಬನಗರದಲ್ಲಿ ಮನೆ ಮಹಡಿ ರೂಮಲ್ಲಿ ಫ್ರೀಲಾನ್ಸ್ ಮಾಡ್ತಿದ್ದಾಗ ಹೆಚ್ಚಾಗಿ ಬರ್ತಿದ್ದಿದ್ದು ರೀಸ್ಕಿನ್ ಕೆಲಸನೇ. ಕ್ಲೈಂಟ್ ಒಂದು ಟೆಂಪ್ಲೇಟ್, ಅಂದ್ರೆ ರೆಡಿಮೇಡ್ ಗೇಮ್, ಕೊಂಡು ಕಳಿಸ್ತಾರೆ, ನಾವು ಚಿತ್ರ, ಸೌಂಡು, ಹೆಸರು, ಐಕಾನ್ ಬದಲಾಯಿಸಿ ವಾಪಸ್ ಕೊಡ್ಬೇಕು, ಕೋಡ್ ಮುಟ್ಟೋ ಹಾಗಿಲ್ಲ. ಆ ದುಡ್ಡಲ್ಲಿ ಮನೆ ನಡೀತು, ಅದಕ್ಕೆ ಬೇಜಾರಿಲ್ಲ. ಆದ್ರೆ ಅಷ್ಟು ಟೆಂಪ್ಲೇಟ್ ಬಿಚ್ಚಿ ನೋಡಿದ್ಮೇಲೆ ಒಂದು ವಿಷಯ ಗಟ್ಟಿಯಾಯ್ತು, ಮಂಗನ ಜಾಗಕ್ಕೆ ನಿಂಜಾ ತಂದಿಟ್ರೂ ಆಟ ಬದಲಾಗ್ದೇ ಇರೋದಕ್ಕೆ ಒಳಗಿರೋ ಮೂರ್ನಾಲ್ಕು ಸಂಖ್ಯೆಗಳೇ ಕಾರಣ.

ಇದು ಮೊಬೈಲ್ ಬಂದ್ಮೇಲೆ ಶುರುವಾದ ಕಥೆನೂ ಅಲ್ಲ. ಇಂಗ್ಲೆಂಡಿನ ಡೇಟಾ ಡಿಸೈನ್ ಇಂಟರಾಕ್ಟಿವ್ ಅನ್ನೋ ಕಂಪನಿ ಪ್ಲೇಸ್ಟೇಷನ್ 2 ಕಾಲದಲ್ಲೇ ಇದನ್ನ ಮಾಡಿತ್ತು. ನಿಂಜಾಬ್ರೆಡ್ ಮ್ಯಾನ್, ಅನುಬಿಸ್ 2, ರಾಕ್ ಎನ್ ರೋಲ್ ಅಡ್ವೆಂಚರ್ಸ್, ಹೆಸರು ಬೇರೆ ಬೇರೆ, ಎಂಜಿನ್, ಅಂದ್ರೆ ಒಳಗೆ ಗೇಮ್ ಓಡಿಸೋ ಸಾಫ್ಟ್‌ವೇರ್, ಒಂದೇ, ಲೆವೆಲ್ ವಿನ್ಯಾಸನೂ ಹೆಚ್ಚುಕಮ್ಮಿ ಒಂದೇ. ಒಂದ್ರಲ್ಲಿ ಕತ್ತಿ ಹಿಡಿದ ಜಿಂಜರ್‌ಬ್ರೆಡ್ ಬಿಸ್ಕೆಟ್, ಇನ್ನೊಂದ್ರಲ್ಲಿ ಈಜಿಪ್ಟಿನ ದೇವರು. 2007ರಲ್ಲಿ ಇವು ನಿಂಟೆಂಡೋ ವೀ ಅನ್ನೋ ಗೇಮ್ ಕನ್ಸೋಲಿಗೂ ಬಂದವು, ಅಲ್ಲಿ ಕತ್ತಿ ಬೀಸ್ಬೇಕಂದ್ರೆ ರಿಮೋಟ್ ಬೀಸ್ಬೇಕು. ಯೂಟ್ಯೂಬಲ್ಲಿ ಇವುಗಳ ವಿಡಿಯೋ ಎರಡನ್ನ ಪಕ್ಕಪಕ್ಕ ಇಟ್ಕೊಂಡು ನೋಡಿ, ಈ ಕೆಲಸ ಮಾಡೋರಿಗೆ ಅದೊಂದು ಪಾಠ.

ಸಂಖ್ಯೆ ಅಂದ್ನಲ್ಲ, ಅದನ್ನ ಬಿಡಿಸಿ ಹೇಳ್ತೀನಿ. ನಾನು ನನ್ನದೇ ಗೇಮ್ ಶುರು ಮಾಡಿದ್ದು ಗೊಡೋ ಎಂಜಿನ್ನಲ್ಲಿ, ಅದು ಫ್ರೀ, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ. ಗೊಡೋ 4ರಲ್ಲಿ ಕ್ಯಾರೆಕ್ಟರಿಗೆ ಹೊಸ ಸ್ಕ್ರಿಪ್ಟ್ (ಕೋಡ್ ಫೈಲು) ತೆರೆದ ಕೂಡ್ಲೇ ಓಟದ ಸ್ಪೀಡ್ 300, ಜಂಪ್ ವೇಗ 400 ಅಂತ ಅದೇ ತುಂಬಿಕೊಡುತ್ತೆ, ಗುರುತ್ವ ಡೀಫಾಲ್ಟಾಗಿ 980. ಲೆಕ್ಕ ಹಾಕಿದ್ರೆ ಜಂಪ್ ಎತ್ತರ ಸುಮಾರು 82 ಪಿಕ್ಸೆಲ್. ಕಲಿಯೋರಿಗೆ ಅನುಕೂಲ ಆಗ್ಲಿ ಅಂತ ಇಟ್ಟಿರೋದು ಅದು, ಆದ್ರೆ ಅದನ್ನ ಮುಟ್ಟದೆ ಗೇಮ್ ಬಿಟ್ರೆ ಊರಿನವರೆಲ್ಲರ ಹೀರೋಗಳೂ ಅದೇ 82 ಪಿಕ್ಸೆಲ್ ಹಾರ್ತಾವೆ, ಅಂಗಿ ಮಾತ್ರ ಬೇರೆ.

ಹಾಗಾಗಿ ನಾನು ಉಲ್ಟಾ ಕಡೆಯಿಂದ ಹೊರಟೆ. ಮೊದ್ಲು ಎಷ್ಟು ಎತ್ತರ ಹಾರ್ಬೇಕು, ತುದಿ ಮುಟ್ಟೋಕೆ ಎಷ್ಟು ಹೊತ್ತು ಅಂತ ತೀರ್ಮಾನ. ನನಗೆ ಬೇಕಿದ್ದಿದ್ದು 64 ಪಿಕ್ಸೆಲ್, 0.4 ಸೆಕೆಂಡು. ಎತ್ತರನ ಎರಡರಿಂದ ಗುಣಿಸಿ ಸಮಯದ ವರ್ಗದಿಂದ ಭಾಗಿಸಿದ್ರೆ ಗುರುತ್ವ 800 ಬರುತ್ತೆ, ಬರೀ ಸಮಯದಿಂದ ಭಾಗಿಸಿದ್ರೆ ಜಂಪ್ ವೇಗ 320. ಪಿಯುಸಿ ಫಿಸಿಕ್ಸು ಅಷ್ಟೇ. ಕೆಳಗೆ ಬೀಳುವಾಗ ಗುರುತ್ವ ಒಂದೂವರೆ ಪಟ್ಟು ಮಾಡಿದೆ, ಇಲ್ದಿದ್ರೆ ಗೇಮಿನ ಹುಡುಗ ಗಾಳೀಲಿ ತೇಲ್ದಂಗೆ ಕಾಣ್ತಾನೆ. ಬಟನ್ ಬೇಗ ಬಿಟ್ರೆ ಸಣ್ಣ ಜಂಪ್. ಆಮೇಲೆ ಕೊಯೋಟಿ ಟೈಮ್, ಅಂದ್ರೆ ಹಲಗೆ ಅಂಚು ದಾಟಿದ್ಮೇಲೂ 0.1 ಸೆಕೆಂಡು, ಸೆಕೆಂಡಿಗೆ 60 ಫ್ರೇಮ್ (ಪರದೆ ಮೇಲಿನ ಚಿತ್ರ) ಲೆಕ್ಕದಲ್ಲಿ 6 ಫ್ರೇಮ್, ಜಂಪ್ ಒಪ್ಕೊಳ್ಳೋದು. ನೆಲ ಮುಟ್ಟೋಕೆ ಸ್ವಲ್ಪ ಮುಂಚೆ ಒತ್ತಿದ ಬಟನ್ನೂ ನೆನಪಿಟ್ಕೊಳ್ಳೋದು. 2018ರ ಸೆಲೆಸ್ಟ್ ಗೇಮ್ ಆಡಿದೋರಿಗೆ ಇದು ಗೊತ್ತು, ಅಷ್ಟು ಕಷ್ಟದ ಗೇಮಾದ್ರೂ ಸತ್ರೆ ಗೇಮಿಗೆ ಬೈಬೇಕು ಅನ್ಸಲ್ಲ, ಅದಕ್ಕೆ ಈ ಸಣ್ಣ ಔದಾರ್ಯಗಳೂ ಕಾರಣ. ನಾನು ನೋಡಿದ ಟೆಂಪ್ಲೇಟುಗಳಲ್ಲಿ ಇವ್ಯಾವೂ ಇರ್ಲಿಲ್ಲ. ಕೆಲವುದ್ರಲ್ಲಿ ಗುರುತ್ವ, ಚಲನೆ ಎರಡನ್ನೂ ಸಮಯದ ಲೆಕ್ಕ ಇಲ್ದೆ ಫ್ರೇಮಿಗಿಷ್ಟು ಅಂತ ಕೂಡ್ತಿದ್ರು, 60 ಫ್ರೇಮ್ ಓಡೋ ಫೋನಲ್ಲಿ ಸರಿ ಇದ್ದ ಜಂಪು 30 ಫ್ರೇಮಿನ ಅಗ್ಗದ ಫೋನಲ್ಲಿ ಸ್ಲೋ ಮೋಷನ್! ಅಂಥ ಫೋನ್ ಇಟ್ಕೊಂಡಿರೋ ಮಕ್ಕಳೇ ಈ ಗೇಮುಗಳನ್ನ ಜಾಸ್ತಿ ಆಡೋದು, ಅದು ನನಗೆ ಇವತ್ತಿಗೂ ಸಂಕಟ.

ಜಂಪ್ ಕೈಗೆ ಬಂದ್ಮೇಲೆ ಲೆವೆಲ್ ಏನು ಅನ್ನೋ ಪ್ರಶ್ನೆ. ತೇಲೋ ಹಲಗೆ ಬೇಡ ಅನ್ಸಿತ್ತು. ತೀರ್ಥಹಳ್ಳಿ ಕಡೆ ನಮ್ಮ ಮಾವನ ತೋಟದಲ್ಲಿ ಕೊನೆ (ಅಡಿಕೆ ಗೊನೆ) ಕೊಯ್ಲು ನಡೀತಿತ್ತು, ಕೊಯ್ಯೋ ಕೊನೆಗಾರ ಕಾಲಿಗೆ ತಳೆ (ಮರ ಹತ್ತೋ ಬಳೆ) ಹಾಕ್ಕೊಂಡು ಒಂದು ಅಡಿಕೆ ಮರ ಹತ್ತಿ, ಅದನ್ನೇ ತೂಗಿ ಬಾಗಿಸಿ ಪಕ್ಕದ ಮರ ಹಿಡಿದು ಹಾಗೇ ಮುಂದಕ್ಕೆ ಹೋಗ್ತಿದ್ರು, ಪ್ರತಿ ಮರಕ್ಕೂ ನೆಲಕ್ಕಿಳಿದು ಹತ್ತೋ ರಗಳೆ ಇಲ್ಲ. ಪ್ಲಾಟ್‌ಫಾರ್ಮರ್ ಇಲ್ಲೇ ಇದೆಯಲ್ಲ ಅನ್ಸಿ ಅವರು ಕಾಫಿಗೆ ಕೂತಾಗ ಕೇಳಿದೆ, ಅಣ್ಣ, ಯಾವಾಗ ಹಾರ್ತೀರ ಅಂತ. ಅವರು ಹೇಳಿದ್ದು, "ಹಾರೋದೆಲ್ಲಿ ಬಂತು ಮಾರಾಯ, ಮರ ಪೂರ್ತಿ ವಾಲಿ ಇನ್ನೇನು ವಾಪಸ್ ಹೊರಡ್ಬೇಕು, ಆಗ ಒಂದು ಗಳಿಗೆ ನಿಂತಂಗಾಗ್ತದೆ, ಆವಾಗ ಹಿಡಿಯೋದು."

ಇದನ್ನ ಕೋಡಲ್ಲಿ ಬರೆಯೋದು ಸುಲಭ. ಮರದ ತೂಗಾಟ ಒಂದು ಸೈನ್ ಅಲೆ, ಅಲೆಯ ತುದೀಲಿ ವೇಗ ಸೊನ್ನೆಗೆ ಬರುತ್ತೆ, ಹಾಗಾಗಿ ಆಡೋರಿಗೆ ಅಲ್ಲೇ ಹೆಚ್ಚು ಹೊತ್ತು ಸಿಗುತ್ತೆ, ಅವಕಾಶನ ಕೃತಕವಾಗಿ ಹಿಗ್ಗಿಸಬೇಕಾಗಿಲ್ಲ. ಎಡ ಬಲ ಒತ್ತಿ ತೂಗ್ಬೇಕು, ತುದೀಲಿ ಹಿಡೀಬೇಕು. ಮಾವನ ಮನೆ ಮಕ್ಕಳ ಕೈಗೆ ಫೋನ್ ಕೊಟ್ಟು ಏನೂ ಹೇಳ್ದೆ ಪಕ್ಕದಲ್ಲಿ ಕೂತೆ. ನಾಣ್ಯ ಇಲ್ಲ, ಶತ್ರು ಇಲ್ಲ, ಬರೀ ಮರದಿಂದ ಮರಕ್ಕೆ, ಆದ್ರೂ ಫೋನ್ ವಾಪಸ್ ಇಸ್ಕೊಳ್ಳೋಕೆ ಜಗಳ ಆಡ್ಬೇಕಾಯ್ತು.

ಈಗ ಕೂತಿರೋದು ಮಳೆಗಾಲದ ಲೆವೆಲ್ ಮೇಲೆ, ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೆಯೋ ಸಮಯ, ಕಾಂಡ ಎಲ್ಲ ಪಾಚಿ. ಹಿಡಿತ ಎಷ್ಟು ಹೊತ್ತಿಗೆ ಜಾರ್ಬೇಕು ಅನ್ನೋ ಸಂಖ್ಯೆ ಇನ್ನೂ ಕೂತಿಲ್ಲ, 1.5 ಸೆಕೆಂಡಿಗೆ ಮಕ್ಕಳು ಬಿದ್ದೂ ಬಿದ್ದೂ ಬೇಜಾರಾಗ್ತಾರೆ, 2 ಅಂದ್ರೆ ಮಳೆ ಇದೆ ಅನ್ಸೋದೇ ಇಲ್ಲ, ಈ ವಾರ ನಡುವಿನದ್ದನ್ನ ನೋಡ್ತಿದೀನಿ.