ಆಲ್ಪ್ಸ್‌ನಲ್ಲಿ ಸ್ಕೀ ಟೂರಿಂಗ್: ಯಾರಿಗೆ ಯಾವ ರೂಟ್?

ಬೆಂಗಳೂರಿನ ಟ್ರೆಕ್ಕಿಂಗ್ ಮಂದಿಗೆ ಹತ್ತೋದು ದೊಡ್ಡ ವಿಷಯವೇ ಅಲ್ಲ. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿ, ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ ಹೊಡೆದು, ಭಾನುವಾರ ರಾತ್ರಿ ಬಸ್ ಹಿಡಿದು ಸೋಮವಾರ ಆಫೀಸಿಗೆ ಹಾಜರಾಗುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಂಥವರು ಸ್ಕೀ ಟೂರಿಂಗ್ ಬಗ್ಗೆ ವಿಚಾರಿಸುವಾಗ ಮೊದಲು ಕೇಳೋದು "ದಿನಕ್ಕೆ ಎಷ್ಟು ಮೀಟರ್ ಹತ್ತಬೇಕು?" ಅಂತ. ಅದನ್ನು ಆಮೇಲೆ ನೋಡೋಣ. ಕೆಟ್ಟ ಹಿಮದ ಮೇಲೆ, ಬೆನ್ನಿಗೆ ಬ್ಯಾಗ್ ಹಾಕಿಕೊಂಡು, ಸುಸ್ತಾದ ಕಾಲಲ್ಲಿ ಇಳಿಯೋಕೆ ಬರುತ್ತಾ? ರೂಟ್ ಆರಿಸಬೇಕಾದ್ದು ಇದರ ಮೇಲೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಕೀ ಟೂರಿಂಗ್‌ನಲ್ಲಿ ಲಿಫ್ಟ್ ಇಲ್ಲ, ನಾವೇ ಹತ್ತಬೇಕು. ಸ್ಕೀ ತಳಕ್ಕೆ 'ಸ್ಕಿನ್' ಅನ್ನೋ ಪಟ್ಟಿ ಅಂಟಿಸುತ್ತಾರೆ. ವೆಲ್ವೆಟ್ ಬಟ್ಟೆ ಸವರಿದ ಹಾಗೆ, ಮುಂದಕ್ಕೆ ನುಣ್ಣಗೆ ಜಾರುತ್ತೆ, ಹಿಂದಕ್ಕೆ ಹಿಡಿದುಕೊಳ್ಳುತ್ತೆ. ಹತ್ತುವಾಗ ಹಿಮ್ಮಡಿ ಬಿಡುವಾಗಿರುತ್ತೆ. ಮೇಲೆ ಹೋದ ಮೇಲೆ ಸ್ಕಿನ್ ಕಿತ್ತು, ಹಿಮ್ಮಡಿ ಲಾಕ್ ಮಾಡಿ, ಇಳಿಯೋದು.

ಸ್ವಿಸ್ ಆಲ್ಪೈನ್ ಕ್ಲಬ್ ರೂಟ್‌ಗಳಿಗೆ ಅಕ್ಷರ ಕೊಡುತ್ತೆ. ಎಲ್ ಅಂದ್ರೆ ಸುಲಭ, ಇಳಿಜಾರು 30 ಡಿಗ್ರಿ ಒಳಗೆ. ಡಬ್ಲ್ಯೂಎಸ್ 30ರಿಂದ ಮೇಲೆ, ಝಡ್‌ಎಸ್ 35ರಿಂದ, ಎಸ್ 40ರಿಂದ. ಬರೀ ಡಿಗ್ರಿ ನೋಡಿ ಈ ಅಕ್ಷರ ಕೊಡೋದಿಲ್ಲ. ಬಿದ್ದರೆ ಎಲ್ಲಿಗೆ ಜಾರುತ್ತೀರಿ, ತಿರುಗಿಸೋಕೆ ಜಾಗ ಎಷ್ಟಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ಸ್ಕೀ ಮೇಲೆ ನಿಂತೇ ಇಲ್ಲದವರು ಆಲ್ಪ್ಸ್ ಟಿಕೆಟ್ ಬುಕ್ ಮಾಡಬೇಡಿ. ಮೊದಲು ಗುಲ್ಮಾರ್ಗ್ ಅಥವಾ ಔಲಿಗೆ ಹೋಗಿ, ಒಂದು ಕೋರ್ಸ್ ಮಾಡಿ. ಆಮೇಲೆ ಯುರೋಪಿನ ಯಾವುದಾದರೂ ರಿಸಾರ್ಟ್‌ನಲ್ಲಿ ಸ್ಕೀಗಂತಲೇ ಹದ ಮಾಡಿದ, ಕೆಂಪು ಗುರುತಿನ (ಮಧ್ಯಮ ಕಷ್ಟದ) ಪಿಸ್ಟ್‌ಗಳನ್ನು ಆರಾಮಾಗಿ ಇಳಿಯೋ ಹಂತಕ್ಕೆ ಬನ್ನಿ. ಸಂಜೆ ಹೊತ್ತಿಗೆ ಹಿಮ ಕಿತ್ತುಹೋಗಿ ಗುಡ್ಡೆಗುಡ್ಡೆ ಆಗಿರುತ್ತಲ್ಲ, ಆಗ ಎಂಟು ಕೆಜಿ ಬ್ಯಾಗ್ ಹಾಕಿಕೊಂಡು ಬೀಳದೆ ಇಳಿದರೆ ನೀವು ರೆಡಿ.

ಹೊಸಬರಿಗೆ ನನ್ನ ಮೊದಲ ಆಯ್ಕೆ ಬಿವಿಯೊ. ಸ್ವಿಟ್ಜರ್ಲೆಂಡ್‌ನ ಗ್ರೌಬುಂಡೆನ್‌ನಲ್ಲಿ, ಜೂಲಿಯರ್ ಪಾಸ್ ದಾರಿಯಲ್ಲಿ, 1,769 ಮೀಟರ್ ಎತ್ತರದಲ್ಲಿರೋ ಸಣ್ಣ ಹಳ್ಳಿ. ಕೂರ್‌ನಿಂದ ಬಸ್ ಇದೆ. ಅಲ್ಲಿಂದ ರೊಕ್ಕಾಬೆಲ್ಲಾ ಶಿಖರ, 2,730 ಮೀಟರ್. ಏರು ಸಾವಿರ ಮೀಟರ್‌ಗೆ ಸ್ವಲ್ಪ ಕಮ್ಮಿ, ಗಂಟೆಗೆ 300 ಮೀಟರ್ ಲೆಕ್ಕ ಹಾಕಿದರೆ ಮೂರೂಕಾಲು ಗಂಟೆ. ಅಗಲವಾದ, ಬಯಲು ಇಳಿಜಾರು, ತಪ್ಪು ಮಾಡೋಕೂ ಜಾಗ ಇರುತ್ತೆ. ಗ್ಲೇಸಿಯರ್ (ಹಿಮನದಿ) ಇಲ್ಲ, ಸಂಜೆಗೆ ಹಳ್ಳಿಯಲ್ಲೇ ಬಿಸಿನೀರು ಸ್ನಾನ.

ಎರಡನೇ ಹಂತಕ್ಕೆ ಆಸ್ಟ್ರಿಯಾ-ಸ್ವಿಟ್ಜರ್ಲೆಂಡ್ ಗಡಿಯ ಸಿಲ್ವ್ರೆಟ್ಟಾ ಬೆಟ್ಟಸಾಲು. ಆಸ್ಟ್ರಿಯಾ ಕಡೆಯ ಬೀಲರ್‌ಹೋಹೆಯಿಂದ ವೀಸ್‌ಬಾಡೆನರ್ ಹಟ್‌ಗೆ (2,443 ಮೀಟರ್, ಬೆಟ್ಟದ ಮೇಲೆ ರಾತ್ರಿ ತಂಗೋ ವಸತಿ) ಏರು ಬರೀ 400 ಮೀಟರ್. ಮಾರನೇ ದಿನ ಪಿಜ್ ಬುಯಿನ್, 3,312 ಮೀಟರ್. ಕೊನೆಯ ಸುಮಾರು 250 ಮೀಟರ್ ಸ್ಕೀ ಬಿಟ್ಟು, ಬೂಟಿಗೆ ಕ್ರ್ಯಾಂಪಾನ್ (ಲೋಹದ ಮುಳ್ಳುಗಳ ಚೌಕಟ್ಟು) ಕಟ್ಟಿಕೊಂಡು ಹತ್ತಬೇಕು. ಇಲ್ಲಿಂದ ಗ್ಲೇಸಿಯರ್ ಶುರು, ಅಂದ್ರೆ ಹಿಮದಡಿ ಬಿರುಕುಗಳೂ ಶುರು. ಹಾಗಾಗಿ ಐಎಫ್‌ಎಂಜಿಎ (ಪರ್ವತ ಗೈಡ್‌ಗಳ ಅಂತರರಾಷ್ಟ್ರೀಯ ಒಕ್ಕೂಟ) ಬ್ಯಾಡ್ಜ್ ಇರೋ ಗೈಡ್ ಬೇಕೇ ಬೇಕು. ದುಡ್ಡು ಉಳಿಸೋಕೆ ಬೇರೆ ಜಾಗ ನೋಡಿಕೊಳ್ಳಿ.

ಹಿಮಾಲಯದಲ್ಲಿ ಎತ್ತರ ಅಭ್ಯಾಸ ಆದವರಿಗೆ ಇಟಲಿಯ ಗ್ರಾನ್ ಪರಾಡಿಸೊ ಕಣ್ಣಿಗೆ ಬೀಳುತ್ತೆ. 4,061 ಮೀಟರ್, ಪೂರ್ತಿ ಇಟಲಿಯೊಳಗೇ ಇರೋ ಅತಿ ಎತ್ತರದ ಬೆಟ್ಟ. ವಿಟ್ಟೋರಿಯೊ ಎಮಾನುವೆಲೆ ಹಟ್‌ನಿಂದ (2,732 ಮೀಟರ್) ಏರು 1,300 ಮೀಟರ್ ಮೇಲೆ. ಅದು ಕುಮಾರ ಪರ್ವತದವರಿಗೆ ಆಗುತ್ತೆ. ಆದರೆ ಅದೇ ದಿನ ಶಿಖರದಿಂದ ಪಾಂಟ್ ಹಳ್ಳಿಯವರೆಗೆ 2,100 ಮೀಟರ್ ಇಳಿಯಬೇಕು. ಮೇಲೆ ಗಟ್ಟಿ ಹಿಮ, ಕೆಳಗೆ ಮಧ್ಯಾಹ್ನದ ಬಿಸಿಲಿಗೆ ಕರಗಿ ತೂಕವಾದ ಹಿಮ, ತೊಡೆಗಳು ನಡುಗುತ್ತಿರುತ್ತೆ. ಜನ ಬೀಳೋದು ಇಂಥ ಕಡೆ.

ಇನ್ನು ಫ್ರಾನ್ಸ್‌ನ ಶಾಮೊನಿಯಿಂದ ಸ್ವಿಟ್ಜರ್ಲೆಂಡ್‌ನ ಝರ್ಮಾಟ್‌ವರೆಗಿನ ಹೋಟ್ ರೂಟ್. ಆರೇಳು ದಿನ, ರಾತ್ರಿ ಹಟ್‌ಗಳಲ್ಲಿ. ವೀಡಿಯೊ ನೋಡಿದವರೆಲ್ಲ ಇದನ್ನೇ ಕೇಳುತ್ತಾರೆ. ತಾಂತ್ರಿಕವಾಗಿ ಇದು ಭಯಂಕರ ಕಡಿದಾದ ರೂಟ್ ಏನಲ್ಲ. ಕಷ್ಟ ಇರೋದು ದಿನಾ ಹಿಮ ಬದಲಾಗೋದರಲ್ಲಿ, ಹವಾಮಾನ ಕೆಟ್ಟರೆ ತಪ್ಪಿಸಿಕೊಳ್ಳೋ ದಾರಿ ಕಮ್ಮಿ ಇರೋದರಲ್ಲಿ. ಕೊನೆಯ ದಿನ ವಿನ್ಯೆಟ್ ಹಟ್‌ನಿಂದ ಮೂರು ಪಾಸ್ ದಾಟಬೇಕು, ಕೊನೆಯದು ಕೋಲ್ ದ ವಾಲ್ಪೆಲಿನ್, 3,500 ಮೀಟರ್ ಮೇಲೆ. 2018ರ ಏಪ್ರಿಲ್ ಕೊನೆಯಲ್ಲಿ ಇದೇ ವಿನ್ಯೆಟ್ ಹಟ್ ಹತ್ತಿರ ಬಿರುಗಾಳಿಗೆ ಸಿಕ್ಕು, ರಾತ್ರಿಯಿಡೀ ಹೊರಗೇ ಉಳಿದ ತಂಡಗಳಲ್ಲಿ ಏಳು ಜನ ಸತ್ತರು. ಹಟ್ ಅಲ್ಲೇ, ಕೆಲವು ನೂರು ಮೀಟರ್ ದೂರದಲ್ಲಿತ್ತು. ಗ್ಲೇಸಿಯರ್ ಮೇಲೆ ಎರಡು ಮೂರು ಟೂರ್ ಮುಗಿಸದೆ ಈ ಹೆಸರು ಎತ್ತಬೇಡಿ.

ಯಾವ ರೂಟ್ ಆದರೂ ಟ್ರಾನ್ಸ್‌ಸೀವರ್ (ಹೂತವರನ್ನು ಪತ್ತೆ ಮಾಡೋಕೆ ಸಿಗ್ನಲ್ ಕಳಿಸೋ, ಹಿಡಿಯೋ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕೋ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಹತ್ತಿರ ಇರಬೇಕು. ಹಿಮಕುಸಿತದಲ್ಲಿ ಹೂತವರನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ತೆಗೆಯಬೇಕು, ಹೆಲಿಕಾಪ್ಟರ್ ಅಷ್ಟು ಬೇಗ ಬರೋದಿಲ್ಲ. ಕಬ್ಬನ್ ಪಾರ್ಕ್‌ನಲ್ಲೇ ಒಬ್ಬರು ಟ್ರಾನ್ಸ್‌ಸೀವರ್ ಬಚ್ಚಿಟ್ಟು ಇನ್ನೊಬ್ಬರು ಹುಡುಕಿ ಅಭ್ಯಾಸ ಮಾಡಬಹುದು, ನೋಡಿದವರು ನಕ್ಕರೆ ನಗಲಿ. ಸ್ವಿಟ್ಜರ್ಲೆಂಡ್‌ನಲ್ಲಾದರೆ ದಿನಾ ಸಂಜೆ 5ಕ್ಕೆ ಎಸ್‌ಎಲ್‌ಎಫ್ (ಅಲ್ಲಿನ ಹಿಮಕುಸಿತ ಸಂಶೋಧನಾ ಸಂಸ್ಥೆ) ಬುಲೆಟಿನ್ ಬರುತ್ತೆ. ಅಪಾಯ 1ರಿಂದ 5. ಅಲ್ಲಿ ಜಾಸ್ತಿ ಸಾವುಗಳು ಆಗೋದು 3ರಲ್ಲಿ, ಯಾಕಂದ್ರೆ 4, 5 ಬರೋದೇ ಅಪರೂಪ, ಬಂದಾಗ ಹೋಗೋರೂ ಕಮ್ಮಿ. 3 ಇದ್ದರೆ ಹೊಸಬರು 30 ಡಿಗ್ರಿ ದಾಟೋದೇ ಬೇಡ. ಸ್ವಿಸ್‌ಟೋಪೋ ಮ್ಯಾಪ್‌ನಲ್ಲಿ 30 ದಾಟಿದ ಜಾಗಗಳಿಗೆ ಬಣ್ಣ ಹಾಕಿರುತ್ತಾರೆ. ಮೇಲಿನಿಂದ ನಿಮ್ಮ ದಾರಿಗೆ ಬಂದು ಸೇರುವ ಇಳಿಜಾರುಗಳನ್ನೂ ನೋಡಿ.

ಸ್ಕೀ, ಬೂಟ್ ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತೆ, ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ. ಬೂಟ್ ಹಾಕಿಕೊಂಡು ಅಂಗಡಿಯಲ್ಲೇ ಅರ್ಧ ಗಂಟೆ ಓಡಾಡಿ. ಹತ್ತುವಾಗ ಸ್ಕೀ ಎತ್ತಿಡಬೇಡಿ, ಹಿಮದ ಮೇಲೇ ಜಾರಿಸಿ. ಟ್ರೆಕ್ಕಿಂಗ್ ಅಭ್ಯಾಸ ಇರೋರೆಲ್ಲ ಎತ್ತಿ ಎತ್ತಿ ಇಡುತ್ತಾರೆ, ಮೊದಲ ಗಂಟೆಗೇ ಸೊಂಟ ಹೋಗುತ್ತೆ. ಮೇಲೆ ಕಿತ್ತ ಸ್ಕಿನ್ ಹಿಮಕ್ಕೆ ತಾಗಿಸಬೇಡಿ. ಅಂಟಿಗೆ ಹಿಮದ ಪುಡಿ ಮೆತ್ತಿಕೊಂಡರೆ ಮತ್ತೆ ಹಿಡಿಯೋದಿಲ್ಲ. ಮಡಚಿ ಜಾಕೆಟ್ ಒಳಗೆ, ಮೈ ಬಿಸಿಗೆ ತಾಗುವ ಹಾಗೆ ಇಟ್ಟುಕೊಳ್ಳಿ.

ಗ್ಲೇಸಿಯರ್ ಟೂರ್‌ಗಳಿಗೆ ಮಾರ್ಚ್ ಮಧ್ಯದಿಂದ ಮೇ ಶುರುವಿನವರೆಗೆ ಒಳ್ಳೆ ಕಾಲ. ಬಿರುಕುಗಳ ಮೇಲಿನ ಹಿಮ ಗಟ್ಟಿಯಾಗಿರುತ್ತೆ, ಹಟ್‌ಗಳೂ ತೆರೆದಿರುತ್ತೆ. ನಮ್ಮ ಬೇಸಿಗೆ ರಜೆಗೂ ಸರಿಹೋಗುತ್ತೆ, ಆದರೆ ಈಸ್ಟರ್ ವಾರ ಜಾಗ ಸಿಗೋದು ಕಷ್ಟ. ಷೆಂಗೆನ್ ವೀಸಾಗೆ ಅಂತ ತಗೊಳ್ಳೋ ಮಾಮೂಲಿ ಇನ್ಶೂರೆನ್ಸ್‌ನಲ್ಲಿ ಪಿಸ್ಟ್ ಹೊರಗಿನ ಸ್ಕೀಯಿಂಗ್ ಸಾಮಾನ್ಯವಾಗಿ ಸೇರಿರೋದಿಲ್ಲ, ಸಣ್ಣ ಅಕ್ಷರ ಓದಿ. ಸಸ್ಯಾಹಾರಿಗಳು ಹಟ್ ಬುಕ್ ಮಾಡುವಾಗಲೇ ಹೇಳಬೇಕು, ಹೇಳಿದರೂ ಚಟ್ನಿಪುಡಿ ಜೊತೆಗಿರಲಿ. ಪ್ಲಾನ್ ಬದಲಾದರೆ ಹಟ್‌ಗೆ ಫೋನ್ ಮಾಡಿ ತಿಳಿಸೋದನ್ನು ಮರೀಬೇಡಿ. ಇಲ್ಲದಿದ್ದರೆ ದಾರಿಯಲ್ಲಿ ಏನೋ ಆಗಿದೆ ಅಂದುಕೊಂಡು ನಿಮ್ಮನ್ನು ಹುಡುಕೋಕೆ ಹೊರಡಬಹುದು.