ಸಂಸಾರ ಸಮೇತ ಹೊರದೇಶದ ಸೇವೆಗೆ ಹೊರಡುವವರು ಮನೆಯಲ್ಲಿ ಮಾಡಿಕೊಳ್ಳಬೇಕಾದ ತಯಾರಿ

ಸುವಾರ್ತೆ ಸೇವೆಗೆ ಹೋಗಲು ಚರ್ಚಿನ ಸಭೆ ಒಪ್ಪಿತು, ಕಳುಹಿಸುವ ಸಂಸ್ಥೆಯ ಪತ್ರವೂ ಕೈಗೆ ಬಂತು ಎಂದ ಕೂಡಲೇ ಎಲ್ಲರೂ ಸೂಟ್‌ಕೇಸ್ ನೋಡಲು ಮೈಸೂರಿನ ದೇವರಾಜ ಅರಸು ರಸ್ತೆಗೆ ಹೊರಡುತ್ತಾರೆ. ಪೆಟ್ಟಿಗೆ ಕೊನೆಯ ಕೆಲಸ. ಮೊದಲು ಸರಿಯಾಗಬೇಕಾದದ್ದು ಹೆಸರು.

ನಮ್ಮ ಮೈಸೂರು, ಮಂಡ್ಯದ ಕಡೆ ಇನಿಷಿಯಲ್‌ನಲ್ಲೇ ಅರ್ಧ ಆಯುಷ್ಯ ಕಳೆದುಹೋಗಿರುತ್ತದೆ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ದೀಕ್ಷಾಸ್ನಾನದ ಪತ್ರದಲ್ಲಿ ಇನ್ನೊಂದು ಹೆಸರು. ಇವೆಲ್ಲ ಒಂದೇ ಆಗುವವರೆಗೆ ಯಾವ ಅರ್ಜಿಯನ್ನೂ ಹಾಕಬೇಡಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿ ಬರೆಸಿ, ಸರ್‌ನೇಮ್ ಜಾಗವನ್ನು ಖಾಲಿ ಬಿಡಬೇಡಿ. ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಯುಎಇ 2022ರ ನವೆಂಬರ್‌ನಿಂದ ಪ್ರವಾಸಿ ವೀಸಾ ವಿಷಯದಲ್ಲಿ ಬಿಗಿ ಮಾಡಿದೆ. ಬೆಂಗಳೂರಿನಿಂದ ಆಫ್ರಿಕಾಕ್ಕೆ ಹೋಗುವ ಎಷ್ಟೋ ವಿಮಾನ ದುಬೈ ಮೇಲೆಯೇ ಹೋಗುವುದರಿಂದ, ಅಲ್ಲಿ ಇಳಿದು ಎರಡು ದಿನ ಉಳಿಯುವ ಯೋಚನೆ ಇದ್ದವರಿಗೆ ಇದು ಮುಖ್ಯ. ದೊಡ್ಡವರ ಪಾಸ್‌ಪೋರ್ಟಿಗೆ 10 ವರ್ಷ ಅವಧಿ. ಮಕ್ಕಳದ್ದು 5 ವರ್ಷ, ಇಲ್ಲವೇ 18 ತುಂಬುವವರೆಗೆ, ಯಾವುದು ಮೊದಲೋ ಅದು. ಬಹಳ ದೇಶಗಳು ಇನ್ನೂ ಆರು ತಿಂಗಳು ಅವಧಿ ಉಳಿದಿರಬೇಕು ಎನ್ನುತ್ತವೆ. ಹಾಗಾಗಿ ಚಿಕ್ಕ ಮಕ್ಕಳ ಪಾಸ್‌ಪೋರ್ಟನ್ನೇ ಮೊದಲು ತೆಗೆದು ನೋಡಿ.

ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಹೆಸರೇ ಇಲ್ಲದಿರುವುದು ನಮ್ಮಲ್ಲಿ ಸಾಮಾನ್ಯ. ಆಸ್ಪತ್ರೆಯಿಂದ ಹೋದ ವಿವರದಲ್ಲಿ ಗಂಡು ಮಗು, ಹೆಣ್ಣು ಮಗು ಎಂದಷ್ಟೇ ಇರುತ್ತದೆ. ನೋಂದಣಿಯಾದ ದಿನದಿಂದ 15 ವರ್ಷದೊಳಗೆ ಹೆಸರು ಸೇರಿಸಬಹುದು. ನಗರಪಾಲಿಕೆಗೋ ಪಂಚಾಯಿತಿಗೋ ಈಗಲೇ ಹೋಗಿ ಮಾಡಿಸಿ. ಮದುವೆ ವಿಷಯವೂ ಹೀಗೆಯೇ. ನಮ್ಮ ಮದುವೆಗಳು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ ಚರ್ಚಿನ ರಿಜಿಸ್ಟರಿನಲ್ಲಿ ದಾಖಲಾಗುತ್ತವೆ. ಆದರೆ ಸಭಾಪಾಲಕರು ಬರೆದುಕೊಟ್ಟ ಪ್ರತಿಯನ್ನೇ ಎಲ್ಲ ರಾಯಭಾರ ಕಚೇರಿಗಳೂ ಒಪ್ಪುವುದಿಲ್ಲ. ಸರ್ಕಾರಿ ಮುದ್ರೆಯಿರುವ ಪ್ರಮಾಣಪತ್ರ ಬೇಕೇ ಎಂದು ಮೊದಲೇ ಕೇಳಿಕೊಳ್ಳಿ.

ಇಷ್ಟಾದ ಮೇಲೆ ಅಪೊಸ್ಟೀಲ್, ಅಂದರೆ ನಮ್ಮ ಕಾಗದ ಹೊರದೇಶದಲ್ಲಿ ನಡೆಯುವಂತೆ ಹಾಕಿಸುವ ದೃಢೀಕರಣದ ಮುದ್ರೆ. ಅದರ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದೆ. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ನೀವು ಹೋಗುವ ದೇಶ ಆ ಒಪ್ಪಂದದಲ್ಲಿ ಇಲ್ಲದಿದ್ದರೆ ಅದರ ರಾಯಭಾರ ಕಚೇರಿಯ ಮುದ್ರೆಯೂ ಬೀಳಬೇಕು. ಇಷ್ಟೂ ಮುದ್ರೆ ಬಿದ್ದು ಕಾಗದ ಕೈಗೆ ಬರಲು ಎಷ್ಟೋ ವಾರ ಹಿಡಿಯಬಹುದು. ಯಾವ ಪ್ರಮಾಣಪತ್ರಕ್ಕೂ ಲ್ಯಾಮಿನೇಷನ್ ಮಾಡಿಸಬೇಡಿ. ಮುದ್ರೆ, ಚೀಟಿ ಎಲ್ಲ ಕಾಗದದ ಹಿಂದೆ ಬರುತ್ತವೆ. ಪ್ಲಾಸ್ಟಿಕ್ ಹೊದ್ದ ಕಾಗದದ ಮೇಲೆ ಅವು ನಿಲ್ಲುವುದಿಲ್ಲ, ಪ್ಲಾಸ್ಟಿಕ್ ಕಿತ್ತರೆ ಕಾಗದವೇ ಹರಿಯುತ್ತದೆ.

ವೀಸಾ ಬಗ್ಗೆ ಒಂದೇ ಮಾತು. ಪ್ರವಾಸಿ ವೀಸಾದಲ್ಲಿ ಹೋಗಿ ಸೇವೆ ಮಾಡಬೇಡಿ. ಹೋದ ಮೇಲೆ ಸರಿಮಾಡಿಕೊಂಡರಾಯಿತು ಎಂದು ಯಾರೇ ಹೇಳಲಿ, ಕೇಳಬೇಡಿ. ಸಿಕ್ಕಿಬಿದ್ದರೆ ನಿಮ್ಮನ್ನು ವಾಪಸು ಕಳುಹಿಸುವುದರ ಜೊತೆಗೆ ನಿಮ್ಮನ್ನು ಕರೆಸಿಕೊಂಡ ಅಲ್ಲಿನ ಸಭೆಯೂ ತೊಂದರೆಗೆ ಸಿಗುತ್ತದೆ. ಸುವಾರ್ತೆ ಸಾರಲು ಹೋಗುವವರ ಕಾಗದ ಎಲ್ಲರಿಗಿಂತ ಚೊಕ್ಕಟವಾಗಿರಬೇಕು.

ಚುಚ್ಚುಮದ್ದನ್ನು ಹೊರಡುವುದಕ್ಕೆ ಒಂದೂವರೆ ತಿಂಗಳ ಮುಂಚೆ ಶುರು ಮಾಡಿ. ಕೀನ್ಯಾ, ಉಗಾಂಡ ಕಡೆ ಹೋಗುವವರಿಗೆ ಹಳದಿ ಜ್ವರದ ಲಸಿಕೆ ಬೇಕು. ಅದನ್ನು ಅಧಿಕೃತ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಹಾಕಿಸಿದ 10 ದಿನದ ನಂತರವೇ ಪ್ರಮಾಣಪತ್ರಕ್ಕೆ ಬೆಲೆ. 2016ರಿಂದ ಅದು ಜೀವನಪರ್ಯಂತ ನಡೆಯುತ್ತದೆ. ಒಂಬತ್ತು ತಿಂಗಳು ತುಂಬದ ಮಗುವಿಗೆ ಹಾಕುವುದಿಲ್ಲ. ಮೊಟ್ಟೆ ಒಗ್ಗದವರು ಮೊದಲೇ ವೈದ್ಯರಿಗೆ ಹೇಳಬೇಕು. ಆ ಹಳದಿ ಕಾರ್ಡಿಲ್ಲದೆ ರಜೆಗೆ ಊರಿಗೆ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಗೇ ಇಡಿ. ಹಲ್ಲಿನ ಕೆಲಸ ಏನಿದ್ದರೂ ಇಲ್ಲೇ ಮುಗಿಸಿ, ಹುಳುಕು ಚಿಕ್ಕದೆಂದು ಬಿಡಬೇಡಿ. ಕನ್ನಡಕ ಎರಡು ಜೊತೆ ಇರಲಿ, ಪವರ್ ಬರೆದ ಚೀಟಿಯೂ ಇರಲಿ. ಬಿಪಿ, ಸಕ್ಕರೆ ಮಾತ್ರೆ ಮೂರು ತಿಂಗಳಿಗಾಗುವಷ್ಟು ಸ್ಟ್ರಿಪ್‌ನಲ್ಲೇ ಒಯ್ಯಿರಿ, ಡಬ್ಬಿಗೆ ಸುರಿಯಬೇಡಿ. ವೈದ್ಯರ ಚೀಟಿಯಲ್ಲಿ ಕಂಪನಿ ಹೆಸರಿನ ಪಕ್ಕ ಔಷಧದ ಮೂಲ ಹೆಸರನ್ನೂ ಬರೆಸಿ. ಅಲ್ಲಿನ ಅಂಗಡಿಯವರಿಗೆ ನಮ್ಮ ಕಂಪನಿ ಹೆಸರು ಗೊತ್ತಿರುವುದಿಲ್ಲ. ಟ್ರಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಸಿರಪ್‌ಗಳಿಗೆ ಕೊಲ್ಲಿ ದೇಶಗಳಲ್ಲಿ ಕಟ್ಟುನಿಟ್ಟು. ಮನೆಯ ಮದ್ದಿನ ಡಬ್ಬಿಯನ್ನು ಹಾಗೇ ಎತ್ತಿ ಪೆಟ್ಟಿಗೆಗೆ ಹಾಕಬೇಡಿ.

ಇನ್ನು ಅಡುಗೆಮನೆ. ನಮ್ಮ ಹೆಣ್ಣುಮಕ್ಕಳ ನಿಜವಾದ ಚಿಂತೆ ಇದೇ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹೊಸ ಊರಿನಲ್ಲಿ ಮೊದಲ ಮೂರು ತಿಂಗಳು ಮಕ್ಕಳು ನೆಲೆ ನಿಲ್ಲುವುದು ಊಟದಿಂದ. ಮೊದಲು ಗಸಗಸೆಯನ್ನು ಪೆಟ್ಟಿಗೆಯಿಂದ ಹೊರಗಿಡಿ. ಪಾಯಸಕ್ಕೆ, ಸಾಗುವಿಗೆ ಇರಲಿ ಎಂದು ಒಂದು ಹಿಡಿ ಹಾಕಿಕೊಂಡವರು ದುಬೈ, ದೋಹಾ, ಸಿಂಗಾಪುರದಲ್ಲಿ ಸಿಕ್ಕಿಬಿದ್ದರೆ ಅದು ಮಾದಕ ವಸ್ತುವಿನ ಕೇಸು. ಮಸಾಲೆ ಪುಡಿಗೂ ಬೆರೆಸಬೇಡಿ. ಎರಡನೆಯದು ಒಣಕೊಬ್ಬರಿ. ಎಣ್ಣೆ ಅಂಶದಿಂದ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಅದನ್ನು ವಿಮಾನದ ಲಗೇಜಿಗೆ ಬಿಡುವುದಿಲ್ಲ. ಚಟ್ನಿಪುಡಿಯನ್ನೂ ಕೊಬ್ಬರಿ ಹಾಕದೆ ಮಾಡಿ, ಇಲ್ಲವಾದರೆ ಎರಡು ತಿಂಗಳಿಗೇ ಕಮಟು ವಾಸನೆ ಬರುತ್ತದೆ.

ನಾಲ್ಕು ಜನರ ಮನೆಗೆ ಮೊದಲ ಮೂರು ತಿಂಗಳಿಗೆ ಸಾರಿನ ಪುಡಿ ಒಂದು ಕಿಲೋದ ಹತ್ತಿರ ಸಾಕು. ಧನಿಯ ಅರ್ಧ ಕಿಲೋ, ಬ್ಯಾಡಗಿ ಮೆಣಸಿನಕಾಯಿ ಕಾಲು ಕಿಲೋ, ಜೀರಿಗೆ 100 ಗ್ರಾಂ, ಕಾಳುಮೆಣಸು 50, ಮೆಂತ್ಯ 25, ಸಾಸಿವೆ 25, ಎರಡು ಹಿಡಿ ಕರಿಬೇವು, ಇಂಗು. ಒಂದೊಂದನ್ನೂ ಬೇರೆಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತ್ಯ ಕೆಂಪಾದರೆ ಸಾಕು, ಕಪ್ಪಾದರೆ ಇಡೀ ಪುಡಿ ಕಹಿ. ಕರಿಬೇವು ಕೈಯಲ್ಲಿ ಪುಡಿಯಾಗುವಷ್ಟು ಗರಿಗರಿಯಾಗಬೇಕು, ತೇವ ಉಳಿದರೆ ಅಲ್ಲಿಂದಲೇ ಬೂಷ್ಟು ಶುರು. ಗಿರಣಿಯಿಂದ ತಂದ ಪುಡಿ ಬಿಸಿಯಾಗಿರುತ್ತದೆ. ಪೇಪರ್ ಮೇಲೆ ಹರಡಿ ಪೂರ್ತಿ ಆರಿಸಿ, ಮಾರನೆಯ ದಿನ ಕಾಲು ಕಿಲೋ ಪೊಟ್ಟಣಗಳಾಗಿ ಕಟ್ಟಿ ಸೀಲ್ ಮಾಡಿ, ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು ಅಂಟಿಸಿ. ಹೆಸರಿಲ್ಲದ ಕೆಂಪು ಪುಡಿಯನ್ನು ಕಸ್ಟಮ್ಸ್‌ನವರು ತೆಗೆದು ಪರೀಕ್ಷಿಸುತ್ತಾರೆ, ಎಸೆದರೂ ಎಸೆದರೇ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋಗುವವರು ತಿನ್ನುವ ಪ್ರತಿಯೊಂದನ್ನೂ ಫಾರ್ಮಿನಲ್ಲಿ ಬರೆಯಬೇಕು. ಬಚ್ಚಿಟ್ಟರೆ ಸ್ಥಳದಲ್ಲೇ ದಂಡ.

ರಾಗಿ ಹಿಟ್ಟಿನ ಚೀಲ ಹೊರಬೇಡಿ, ಪೂರ್ವ ಆಫ್ರಿಕಾಕ್ಕೆ ಹೋಗುವುದಾದರೆ ಖಂಡಿತ ಬೇಡ. ರಾಗಿ ಹುಟ್ಟಿದ್ದೇ ಆ ಕಡೆಯ ಮಲೆನೆಲದಲ್ಲಿ. ಕೀನ್ಯಾದ ಅಂಗಡಿಗಳಲ್ಲಿ ವಿಂಬಿ ಎಂದು ಕೇಳಿದರೆ ಹಿಟ್ಟೇ ಸಿಗುತ್ತದೆ. ಮುಸುಕಿನ ಜೋಳದ ಹಿಟ್ಟಿನಲ್ಲಿ ಅಲ್ಲಿನ ಮುದ್ದೆಯಾದ ಉಗಾಲಿ ಕೆದಕುವ ಮರದ ಸೌಟು ನಮ್ಮ ಮುದ್ದೆಗೂ ಆಗುತ್ತದೆ. ನೈರೋಬಿಯಂಥ ಊರಿನಲ್ಲಿ ಗುಜರಾತಿಗಳ ಅಂಗಡಿಗಳಿವೆ. ತೊಗರಿಬೇಳೆ, ಅರಿಶಿನ, ಹುಣಸೆ, ಬೆಲ್ಲಕ್ಕೆ ಅಲ್ಲಿ ಕೊರತೆಯಿಲ್ಲ. ಒಯ್ಯಬೇಕಾದದ್ದು ಬ್ಯಾಡಗಿ, ಮನೆಯ ಪುಡಿಗಳು ಮತ್ತು ಕುಕ್ಕರ್. ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ, ನೈರೋಬಿ ಸುಮಾರು 1,700ರಲ್ಲಿ. ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿದರೂ ಆ ಕುದಿಯಲ್ಲಿ ಬಿಸಿ ಕಡಿಮೆ. ಪಾತ್ರೆಯಲ್ಲಿಟ್ಟ ಬೇಳೆ ಬೇಯಲು ಇಲ್ಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಕುಕ್ಕರಿನ ಜೊತೆ ಅದೇ ಕಂಪನಿಯ ಎರಡು ಗ್ಯಾಸ್ಕೆಟ್, ಎರಡು ಸೇಫ್ಟಿ ವಾಲ್ವ್, ಒಂದು ವೆಯ್ಟ್ ಇಟ್ಟುಕೊಳ್ಳಿ.

ಮಿಕ್ಸಿ ಕೀನ್ಯಾ, ಟಾಂಜಾನಿಯಾದಲ್ಲಿ ನಡೆಯುತ್ತದೆ. ಕರೆಂಟು ನಮ್ಮಂತೆಯೇ, ಪ್ಲಗ್ ಮಾತ್ರ ಮೂರು ಚೌಕ ಕಡ್ಡಿಯದು. ಅಮೆರಿಕಕ್ಕಾದರೆ ಬಿಟ್ಟು ಹೋಗಿ. ಅಲ್ಲಿನ 120 ವೋಲ್ಟಿನಲ್ಲಿ ನಮ್ಮ ಮಿಕ್ಸಿ ನರಳುತ್ತದೆಯೇ ಹೊರತು ಅರೆಯುವುದಿಲ್ಲ. ಕೀನ್ಯಾದಲ್ಲಿ 2017ರಿಂದ, ಟಾಂಜಾನಿಯಾದಲ್ಲಿ 2019ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ. ಸೀರೆ ಅಂಗಡಿ ಕವರಿನಲ್ಲಿ ಚಪ್ಪಲಿ ಸುತ್ತುವ ನಮ್ಮ ಅಭ್ಯಾಸ ಅಲ್ಲಿ ನಡೆಯದು. ಹಳೆಯ ಪಂಚೆ ಹರಿದು ಚೀಲ ಹೊಲಿದುಕೊಳ್ಳಿ.

ಪೆಟ್ಟಿಗೆಗೆ ಸಾಮಾನ್ಯವಾಗಿ 23 ಕಿಲೋ. ಹಣ ಕಟ್ಟಿದರೂ ಒಂದು ಪೆಟ್ಟಿಗೆ 32 ದಾಟುವಂತಿಲ್ಲ. ಮನೆಯಲ್ಲಿ 22ಕ್ಕೇ ನಿಲ್ಲಿಸಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಮೂಲ ಕಾಗದಗಳೂ ಮಾತ್ರೆಯೂ ಕೈಚೀಲದಲ್ಲೇ. ಬೀಳ್ಕೊಡುಗೆಯಲ್ಲಿ ಬರುವ ಚೌಕಟ್ಟು ಹಾಕಿದ ಬೈಬಲ್ ವಾಕ್ಯ, ಗಡಿಯಾರ, ಶಾಲುಗಳು ಎರಡು ಪೆಟ್ಟಿಗೆ ತುಂಬುತ್ತವೆ. ಪ್ರೀತಿಯಿಂದ ಕೊಡುವವರ ಮನಸ್ಸು ನೋಯದಂತೆ ಸಭೆಯ ಹಿರಿಯರಿಂದ ಮೊದಲೇ ಹೇಳಿಸಿ. ಮನೆಮನೆಯ ಪ್ರಾರ್ಥನಾ ಕೂಟಗಳನ್ನೂ ಹೊರಡುವ ಹತ್ತು ದಿನ ಮುಂಚೆ ಮುಗಿಸಿ. ಕೊನೆಯ ವಾರ ಊಟದ ಮನೆಗಳನ್ನು ಸುತ್ತುತ್ತಾ ಕಳೆದರೆ ಬೀಗ ಹಾಕುವ ಮನೆಯ ಕೆಲಸ ಹಾಗೇ ಉಳಿಯುತ್ತದೆ.

ಆ ಕೆಲಸ ಸಣ್ಣದಲ್ಲ. ಗ್ಯಾಸ್ ಸಂಪರ್ಕವನ್ನು ಏಜೆನ್ಸಿಗೆ ಒಪ್ಪಿಸಿ ಠೇವಣಿ ವಾಪಸು ಪಡೆಯಿರಿ. ಸಿಲಿಂಡರ್, ರೆಗ್ಯುಲೇಟರ್, ಪುಸ್ತಕ, ಸಬ್‌ಸ್ಕ್ರಿಪ್ಷನ್ ವೋಚರ್ ನಾಲ್ಕೂ ಬೇಕು. ಸಂಪು, ಮೇಲಿನ ಟ್ಯಾಂಕ್ ಖಾಲಿ ಮಾಡಿ ಒಣಗಿಸಿ, ಡೆಂಗೆ ಸೊಳ್ಳೆಗೆ ಒಂದು ಚೊಂಬು ನೀರು ಸಾಕು. ಬಚ್ಚಲಿನ ಜಾಲರಿ ಕೆಳಗೆ ನಿಂತ ನೀರು ಆರಿದರೆ ಚರಂಡಿಯ ನಾತ, ಜಿರಳೆ ಎರಡೂ ಒಳಗೆ ಬರುತ್ತವೆ. ನೀರಿನ ಮೇಲೆ ನಾಲ್ಕು ಚಮಚ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ. ಫ್ರಿಜ್ ಒರೆಸಿ ಬಾಗಿಲಿಗೆ ಬಟ್ಟೆ ಸಿಕ್ಕಿಸಿ ತೆರೆದಿಡಿ. ಇನ್ವರ್ಟರ್ ಬ್ಯಾಟರಿಯನ್ನು ಬಳಸುವವರಿಗೆ ಕೊಡಿ, ಚಾರ್ಜಿಲ್ಲದೆ ಇಟ್ಟ ಬ್ಯಾಟರಿ ವರ್ಷದಲ್ಲಿ ಸಾಯುತ್ತದೆ. ಚೆಸ್ಕಾಂನ ಕರೆಂಟು ಬಿಲ್ಲು, ನೀರಿನ ಬಿಲ್ಲು, ಕಂದಾಯ ಯಾರು ಕಟ್ಟಬೇಕೆಂದು ಬರೆದಿಡಿ. ಮನೆ ಬಳಸದಿದ್ದರೂ ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ.

ಮೈಸೂರು ಸಿಲ್ಕ್ ಸೀರೆಗಳನ್ನು ಪ್ಲಾಸ್ಟಿಕ್‌ನಿಂದ ತೆಗೆದು ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ. ನುಸಿಗುಳಿಗೆ ಜರಿಗೆ ತಾಗಿದರೆ ಕಪ್ಪಾಗುತ್ತದೆ, ಅದರ ಬದಲು ಒಣ ಬೇವಿನೆಲೆಯನ್ನು ಬಟ್ಟೆಯಲ್ಲಿ ಕಟ್ಟಿಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಲು ಅಕ್ಕನಿಗೋ ನಾದಿನಿಗೋ ಹೇಳಿ ಹೋಗಿ, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಸೀರೆ ಸೀಳುತ್ತದೆ. ಮನೆತನದ ಹುಟ್ಟು, ಮದುವೆ, ಮರಣಗಳನ್ನು ಬರೆದಿಟ್ಟ ಹಳೆಯ ಸತ್ಯವೇದವನ್ನು (ಬೈಬಲನ್ನು) ಬೀಗ ಹಾಕಿದ ಮನೆಯಲ್ಲಿ ಬಿಡಬೇಡಿ. ಗೆದ್ದಲು ಮೊದಲು ಹಿಡಿಯುವುದು ಪುಸ್ತಕದ ಬೀರುವನ್ನೇ. ಆ ಪುಟಗಳ ಫೋಟೊ ತೆಗೆದು, ಪುಸ್ತಕವನ್ನು ಜನ ಓಡಾಡುವ ಮನೆಯಲ್ಲಿಡಿ.

ಮನೆಯನ್ನು ಭೋಗ್ಯಕ್ಕೆ ಹಾಕಿ ಆ ಹಣದಲ್ಲಿ ಟಿಕೆಟ್ ತೆಗೆಯಬೇಡಿ. ಮೂರು ವರ್ಷದ ಮೇಲೆ ಅಷ್ಟೂ ಹಣ ಒಟ್ಟಿಗೆ ಕೊಡಬೇಕಾಗುತ್ತದೆ. ಸೇವೆಯ ಸಂಬಳದಲ್ಲಿ ಅದು ಕೂಡುವುದಿಲ್ಲ, ಮನೆಯೇ ಕೈಬಿಡುತ್ತದೆ. ಹಣ ಬೇಕಿದ್ದರೆ ಬೀಗ ಹಾಕುವ ಬದಲು ಬಾಡಿಗೆಗೆ ಕೊಡಿ, ಬಾಡಿಗೆ ಎನ್‌ಆರ್‌ಒ ಖಾತೆಗೆ, ಅಂದರೆ ಹೊರದೇಶದಲ್ಲಿ ನೆಲೆಸಿದವರು ಇಲ್ಲಿನ ಬ್ಯಾಂಕಿನಲ್ಲಿ ಇಟ್ಟುಕೊಳ್ಳುವ ರೂಪಾಯಿ ಖಾತೆಗೆ ಬರಲಿ. ಕೆಲಸಕ್ಕೆಂದು ಹೊರದೇಶದಲ್ಲಿ ನೆಲೆಸಲು ಹೋಗುವವರು ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಲೇಬೇಕು. ಮಾಲೀಕರು ಹೊರದೇಶದಲ್ಲಿದ್ದರೆ ಬಾಡಿಗೆದಾರರೇ ತೆರಿಗೆ ಹಿಡಿದು ಕಟ್ಟಬೇಕೆಂಬುದು ಇಬ್ಬರಿಗೂ ತಿಳಿದಿರಲಿ. ಮಂಡ್ಯದ ಕಡೆ ಗದ್ದೆ ಇದ್ದವರು ಇಟ್ಟುಕೊಳ್ಳಬಹುದು, ಆದರೆ ಎನ್‌ಆರ್‌ಐ ಆದ ಮೇಲೆ ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ತಮ್ಮನಿಗೋ ಭಾವನಿಗೋ ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ಕೊಡುವಾಗ ಬಾಡಿಗೆ, ಕಂದಾಯ, ರಿಪೇರಿ, ಬ್ಯಾಂಕು ಎಂದು ಒಂದೊಂದನ್ನೂ ಹೆಸರಿಸಿ, ಮಾರುವ ಅಧಿಕಾರ ಸೇರಿಸಬೇಡಿ. ಅವರ ಮೇಲೆ ಅನುಮಾನವೆಂದಲ್ಲ, ಅವರ ಮೇಲೆ ಯಾರೂ ಒತ್ತಡ ತರದಿರಲಿ ಎಂದು. ಇದನ್ನು ಇಲ್ಲಿದ್ದಾಗಲೇ ಮಾಡಿಸಿ. ಹೊರಗಿಂದ ಮಾಡಿಸಿದರೆ ರಾಯಭಾರ ಕಚೇರಿಯ ದೃಢೀಕರಣ ಬೇಕು, ಕಾಗದ ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕವನ್ನೂ ಕಟ್ಟಿಸಬೇಕು.

ಊರಲ್ಲಿ ಉಳಿಯುವ ಅಪ್ಪ ಅಮ್ಮನ ಏರ್ಪಾಡು ಇವೆಲ್ಲಕ್ಕಿಂತ ದೊಡ್ಡದು. ಸಭೆಯವರು ನೋಡಿಕೊಳ್ಳುತ್ತಾರೆ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದೇ ಅರ್ಥ. ಹೆಸರು ಹಿಡಿದು ಇಬ್ಬರನ್ನು ಕೇಳಿಕೊಳ್ಳಿ: ರಾತ್ರಿ ಆಸ್ಪತ್ರೆಗೆ ಕರೆದೊಯ್ಯಲು ಹತ್ತಿರದವರೊಬ್ಬರು, ಬ್ಯಾಂಕು, ಪಿಂಚಣಿಯ ಜೀವಂತ ಪ್ರಮಾಣಪತ್ರಕ್ಕೆ ಇನ್ನೊಬ್ಬರು. ಮಾತ್ರೆಗಳ ಹೆಸರು, ಹೊತ್ತು, ರಕ್ತದ ಗುಂಪು, ವಿಮೆಯ ನಂಬರನ್ನು ದಪ್ಪಕ್ಷರದಲ್ಲಿ ಬರೆದು ಬೀರುವಿನ ಒಳಬಾಗಿಲಿಗೆ ಅಂಟಿಸಿ. ತುರ್ತು ಖರ್ಚಿಗೆ ಇಬ್ಬರಲ್ಲಿ ಯಾರಾದರೂ ತೆಗೆಯಬಹುದಾದ ಜಂಟಿ ಖಾತೆಯಲ್ಲಿ ಹಣವಿಡಿ. ನೀವು ತಕ್ಷಣ ಬರಲಾಗದ ದಿನ ಬಂದರೆ ಏನು ಮಾಡಬೇಕೆಂದು ಅವರ ಎದುರಿಗೇ ಕೂತು ಮಾತಾಡಿ. ಕಷ್ಟದ ಮಾತು, ಆದರೂ ಆಡಲೇಬೇಕು.

ಮಕ್ಕಳ ಟಿಸಿಗೆ ಬಿಇಒ ಮೇಲುಸಹಿ ಹಾಕಿಸಿ. ಕೀನ್ಯಾದಲ್ಲಿ ಶಾಲೆ ಶುರುವಾಗುವುದು ಜನವರಿಯಲ್ಲಿ. ಜೂನ್‌ನಲ್ಲಿ ಹೊರಟರೆ ಮಗು ನಡುವರ್ಷಕ್ಕೆ ಸೇರಬೇಕಾಗುತ್ತದೆ. ಎರಡು ವರ್ಷದ ಅಂಕಪಟ್ಟಿ, ಪಠ್ಯದ ವಿಷಯಪಟ್ಟಿ ಜೊತೆಗಿದ್ದರೆ ಒಂದು ತರಗತಿ ಕೆಳಗೆ ಕೂರಿಸುವುದು ತಪ್ಪುತ್ತದೆ. ಕನ್ನಡ ಸತ್ಯವೇದ, ಕೀರ್ತನೆ ಪುಸ್ತಕ, ಕಾಗುಣಿತದ ಪುಸ್ತಕ ಒಯ್ಯಿರಿ. ಮನೆಪ್ರಾರ್ಥನೆ ಕನ್ನಡದಲ್ಲೇ ನಡೆಯಲಿ.

ಹೊರಡುವ ದಿನ ನಾಲ್ಕು ಜನರ ಎಂಟು ಪೆಟ್ಟಿಗೆ ಕಾರಿಗೆ ಹಿಡಿಯುವುದಿಲ್ಲ, ಟಿಟಿ (ಟೆಂಪೊ ಟ್ರಾವೆಲರ್) ಮಾಡಿಕೊಳ್ಳಿ. ಬೀಳ್ಕೊಡಲು ಬರುವವರು ಮನೆಯಲ್ಲೇ ಪ್ರಾರ್ಥಿಸಿ ಕಳುಹಿಸಲಿ. ವಿಮಾನ ನಿಲ್ದಾಣ ಬೆಂಗಳೂರಿನ ಆಚೆ ತುದಿಯಲ್ಲಿದೆ. ಎಕ್ಸ್‌ಪ್ರೆಸ್‌ವೇ ಬೇಗ ದಾಟಿದರೂ ಊರೊಳಗೆ ಸಿಕ್ಕಿಕೊಳ್ಳುತ್ತೀರಿ. ದಾರಿಗೆ ಐದು ಗಂಟೆ, ಅಲ್ಲಿ ನಾಲ್ಕು ಗಂಟೆ ಇಟ್ಟುಕೊಂಡು ಹೊರಡಿ. ಮೇನ್ ಸ್ವಿಚ್ ಆರಿಸಿ, ಒಂದು ಬೀಗದ ಕೈ ಬಾಡಿಗೆ ನೋಡಿಕೊಳ್ಳುವವರಿಗೆ, ಒಂದು ಪಕ್ಕದ ಮನೆಗೆ ಕೊಡಿ. ಮೂರನೆಯದು ನಿಮ್ಮ ಕೈಚೀಲದಲ್ಲಿರಲಿ.