ಚಿತ್ತೆ ಮಳೆ ಬಿದ್ದ ಮೇಲೆ ಮುತ್ಯಾಲಮಡುವಿಗೆ

ಆನೇಕಲ್ ಪೇಟೆಯಿಂದ ಮುತ್ಯಾಲಮಡುವು ಸುಮಾರು 5 ಕಿಲೋಮೀಟರ್. ಬೆಂಗಳೂರಿನ ನಡುಮಧ್ಯದಿಂದ ಲೆಕ್ಕ ಹಾಕಿದರೂ 40ರ ಆಸುಪಾಸು. ಇಷ್ಟು ಹತ್ತಿರದ ಜಲಪಾತವನ್ನು ಅಮ್ಮನಿಗೆ ತೋರಿಸಲು ನಾನು ಎರಡು ಸಲ ಹೋಗಬೇಕಾಯಿತು.

ಮೊದಲ ಸಲ ಹೋದದ್ದು ಯುಗಾದಿಯ ಮರುದಿನ, ರಜೆ ಇತ್ತು ಎಂಬ ಒಂದೇ ಕಾರಣಕ್ಕೆ. ಅಮ್ಮನಿಗೆ 68 ವರ್ಷ, ಎಡ ಮಂಡಿ ನೋವು. ಇಲ್ಲಿ ಜಲಪಾತ ಕಣಿವೆಯ ತಳದಲ್ಲಿದೆ, ರಸ್ತೆ ಮೇಲೆಯೇ ಮುಗಿಯುತ್ತದೆ, ಉಳಿದದ್ದೆಲ್ಲ ಮೆಟ್ಟಿಲು. ಮೊದಲ ಮೆಟ್ಟಿಲ ಬಳಿಯೇ ಅಮ್ಮ ನಿಂತು, "ಏನಪ್ಪಾ, ನೀರಿನ ಸದ್ದೇ ಕೇಳಿಸ್ತಿಲ್ವಲ್ಲ?" ಅಂದರು. ಮಾಗಡಿ ಕಡೆಯ ಹಳ್ಳಿಯಲ್ಲಿ ಕೆರೆ ಕೋಡಿ ಬಿದ್ದ ಸದ್ದನ್ನು ಮನೆಯಲ್ಲೇ ಕೂತು ಕೇಳಿ ಬೆಳೆದವರು ಅವರು. ನಾನು ಆ ಮಾತಿಗೆ ಕಿವಿಗೊಡಲಿಲ್ಲ, ಕೆಳಗೆ ಹೋದರೆ ಇರುತ್ತೆ ಬಾಮ್ಮ ಎಂದು ಕರೆದುಕೊಂಡು ಇಳಿದೆ. ಕೆಳಗಿದ್ದದ್ದು ಒಣಗಿದ ಬಂಡೆ, ಅದರ ಮೇಲೊಂದು ಒದ್ದೆ ಗೆರೆ. ವಾಪಸ್ ಹತ್ತುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಮಂಡಿ ಊದಿ ನಾಲ್ಕು ದಿನ ಅವರು ಹಾಸಿಗೆ ಬಿಟ್ಟು ಏಳಲಿಲ್ಲ. ಅವರೇನೂ ಅನ್ನಲಿಲ್ಲ. ನನಗೆ ಮಾತ್ರ ಆ ನಾಲ್ಕು ದಿನ ಬಹಳ ಕಷ್ಟವಾಯಿತು.

ಆಮೇಲೆ ಕೂತು ಯೋಚಿಸಿದೆ. ಇದು ಶರಾವತಿ, ಕಾವೇರಿಯಂಥ ಹೊಳೆಯ ಜಲಪಾತವಲ್ಲ, ಸಣ್ಣ ಹಳ್ಳ. ನಮ್ಮ ಕಡೆಯ ನೆಲದಡಿ ಇರುವುದು ಲಾಲ್‌ಬಾಗ್ ಬಂಡೆಯ ಜಾತಿಯ ಗಟ್ಟಿ ಕಲ್ಲು, ಅದರ ಮೇಲೆ ತೆಳು ಮಣ್ಣು. ಬಿದ್ದ ಮಳೆ ಹೆಚ್ಚು ಇಂಗದೆ ಬೇಗ ಹರಿದುಬಿಡುತ್ತದೆ. ಹಾಗಾಗಿ ಹಳ್ಳ ಎಷ್ಟು ಬೇಗ ಏರುತ್ತದೋ ಅಷ್ಟೇ ಬೇಗ ಇಳಿಯುತ್ತದೆ. ಜಲಪಾತ ಎಂದರೆ ಜುಲೈ ಎಂದು ನಮಗೆ ರೂಢಿ, ಅದು ಮಲೆನಾಡಿನ ಲೆಕ್ಕ. ಬೆಂಗಳೂರಿನ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ವರ್ಷದ ಮಳೆಯಲ್ಲಿ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಈ ಎರಡೇ ತಿಂಗಳಲ್ಲಿ ಬರುತ್ತದೆ. ಅಷ್ಟರಲ್ಲಿ ಮುಂಗಾರಿನ ಮಳೆಗೆ ಮಣ್ಣು ನೆನೆದಿರುವುದರಿಂದ ಹಳ್ಳಕ್ಕೆ ನೀರು ಬೇಗ ಸೇರುತ್ತದೆ.

ಇದನ್ನು ಹೇಳಿದಾಗ ಅಮ್ಮ ಕ್ಯಾಲೆಂಡರ್ ತೆಗೆದು ಮಳೆ ನಕ್ಷತ್ರ ನೋಡಿದರು. "ಉತ್ತರೆ, ಹಸ್ತೆ ಹುಯ್ದು ನೆಲ ನೆನೀಲಿ. ಚಿತ್ತೆಗೆ ಹೋಗಣ. ಆದ್ರೆ ಚಿತ್ತೆ ಕುರುಡು ಮಳೆ ಕಣಪ್ಪ, ಈ ಊರಿಗೆ ಹುಯ್ದರೆ ಪಕ್ಕದೂರಿಗೆ ಇಲ್ಲ. ಇಲ್ಲಿ ಬಂತು ಅಂತ ಹೊರಡ್ಬೇಡ." ಚಿತ್ತೆ ಬರುವುದು ಅಕ್ಟೋಬರ್ ನಡುವಿಗೆ. ಮೊದಲ ಸಲ ನಮ್ಮನ್ನು ಕರೆದೊಯ್ದಿದ್ದ ಆನೇಕಲ್ ಆಟೋದವರ ಫೋನ್ ನಂಬರ್ ನನ್ನ ಹತ್ತಿರ ಇತ್ತು. ಬನಶಂಕರಿಯಲ್ಲಿ ರಸ್ತೆ ಮುಳುಗುವಂತೆ ಮಳೆ ಬಂದ ರಾತ್ರಿ ಅವರಿಗೆ ಫೋನ್ ಮಾಡಿದರೆ ಅಲ್ಲಿ ಬರೀ ತುಂತುರು! ಮುಂದಿನ ವಾರ ಅವರೇ ಫೋನ್ ಮಾಡಿ, ಎರಡು ಸಂಜೆಯಿಂದ ಬಿಡದೆ ಹುಯ್ತಿದೆ ಸಾರ್ ಅಂದರು. ಮರುದಿನವೇ ಹೋಗಲಿಲ್ಲ. ಮಳೆಯ ಬೆನ್ನಿಗೇ ಹಳ್ಳಕ್ಕೆ ಹೋಗಬಾರದು, ಮೇಲೆ ಎಲ್ಲೋ ಹುಯ್ದ ನೀರು ಕೆಳಗೆ ನಿಂತವರ ಮೇಲೆ ಒಮ್ಮೆಲೇ ಬರಬಹುದು. ಒಂದು ದಿನ ಬಿಟ್ಟು, ಆಕಾಶ ತಿಳಿಯಾದ ಬೆಳಗ್ಗೆ ಹೊರಟೆವು. ವಾರದ ದಿನ, ನಾನು ರಜೆ ಹಾಕಿದ್ದೆ.

ಚಂದಾಪುರದ ಮೇಲೆ ಆನೇಕಲ್‌ವರೆಗೆ ಬಸ್ಸು, ಅಲ್ಲಿಂದ ಅದೇ ಆಟೋ. ವಾಪಸ್ ಗಾಡಿಯ ಸಮಯವನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು, ವಾರದ ದಿನ ಅಲ್ಲಿ ಕಾಯುತ್ತ ನಿಂತ ಆಟೋ ಸಿಗಲಿಲ್ಲ. ದಾರಿಯುದ್ದಕ್ಕೂ ರಾಗಿ ತೆನೆ ಕಟ್ಟಿತ್ತು, ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಅಂಚಿನಲ್ಲಿ ಹುಚ್ಚೆಳ್ಳಿನ ಹಳದಿ ಹೂ. ಅಮ್ಮನಿಗೆ ಜಲಪಾತ ಇಲ್ಲದಿದ್ದರೂ ನಡೆಯುತ್ತಿತ್ತೇನೋ, ಆಟೋದಿಂದ ತಲೆ ಹೊರಗೆ ಹಾಕಿ ನೋಡುತ್ತಲೇ ಇದ್ದರು.

ಮಂಡಿಯ ವಿಷಯದಲ್ಲಿ ಈ ಸಲ ಫಿಸಿಯೋಥೆರಪಿಯವರನ್ನು ಕೇಳಿಕೊಂಡೇ ಹೋಗಿದ್ದೆ. ಇಳಿಯುವಾಗ ನೋವಿನ ಕಾಲು ಮೊದಲು, ಹತ್ತುವಾಗ ಗಟ್ಟಿ ಕಾಲು ಮೊದಲು. ಕೋಲು ನೋವಿರುವ ಕಡೆಯ ಕೈಯಲ್ಲಿ ಅಲ್ಲ, ಅದರ ಎದುರು ಕೈಯಲ್ಲಿ. ಅಮ್ಮನಿಗೆ ಎಡ ಮಂಡಿ, ಕೋಲು ಬಲಗೈಗೆ. ಇದು ಕೈಗೆ ಕೂಡಿಬರಲು ಮನೆಯ ಮೆಟ್ಟಿಲ ಮೇಲೆ ಒಂದು ವಾರ ಅಭ್ಯಾಸ ಮಾಡಿಸಿದೆ. ಇಳಿಯುವಾಗ ಮೆಟ್ಟಿಲ ಮೇಲೆ ನಾನು ಅವರಿಗಿಂತ ಒಂದು ಹೆಜ್ಜೆ ಕೆಳಗೆ, ಹತ್ತುವಾಗ ಅವರ ಹಿಂದೆ. ಎರಡರಲ್ಲೂ ಜಾರಿದರೆ ಹಿಡಿಯಲು ನಾನು ಕೆಳಗಿರುತ್ತೇನೆ. ಸುಸ್ತಾದ ಮೇಲೆ ಕೂರುವುದಲ್ಲ, ಸುಸ್ತಾಗುವ ಮೊದಲೇ ಇಪ್ಪತ್ತು ಮೆಟ್ಟಿಲಿಗೊಮ್ಮೆ ಕೂತೆವು. ಹವಾಯಿ ಚಪ್ಪಲಿ ಬಿಡಿಸಿ, ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಸೋಲಿನ ಚಪ್ಪಲಿ ಕೊಡಿಸಿದ್ದೆ.

ಹಾಗೆ ಕೂತೇ ಕಾಡು ಕಂಡಿತು. ಬಿದಿರು, ಹುಣಸೆ, ಅವುಗಳಡಿ ಎಲ್ಲೆಡೆ ಹಬ್ಬಿದ ಲಂಟಾನ. 19ನೇ ಶತಮಾನದಲ್ಲಿ ಹೂವಿನ ಚಂದಕ್ಕೆಂದು ದೇಶಕ್ಕೆ ತಂದ ಗಿಡ, ಈಗ ಬೇರೆ ಸಸಿಗೆ ಜಾಗವೇ ಕೊಡುತ್ತಿಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ. ಬನ್ನೇರುಘಟ್ಟದ ಕಾಡು ಈ ಕಡೆಗೂ ಚಾಚಿದೆ; 1974ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಆನೆಗಳು ತಮಿಳುನಾಡಿನ ತಳಿ ಎಂಬ ಊರಿನ ಕಾಡಿನ ಕಡೆಗೂ ಓಡಾಡುತ್ತವೆ. ಆದ್ದರಿಂದ ಮೆಟ್ಟಿಲು ಬಿಟ್ಟು ಪಕ್ಕದ ಕಾಲುದಾರಿಗೆ ಇಳಿಯಲೇ ಇಲ್ಲ, ಮೂರು ಗಂಟೆಗೆ ಮೇಲಿರಬೇಕು ಎಂದು ಮೊದಲೇ ತೀರ್ಮಾನಿಸಿದ್ದೆ. ಕೋತಿಗಳ ಕಾಟ ಇದ್ದೇ ಇದೆ. ಅವಕ್ಕೆ ಪ್ಲಾಸ್ಟಿಕ್ ಕವರಿನ ಸದ್ದೇ ಕರೆ. ಚಿತ್ರಾನ್ನವನ್ನು ಸ್ಟೀಲ್ ಡಬ್ಬಿಗೆ ಹಾಕಿ ಬ್ಯಾಗಿನ ತಳದಲ್ಲಿಟ್ಟಿದ್ದೆ, ಅದನ್ನು ತೆಗೆದದ್ದು ವಾಪಸ್ ಮೇಲೆ ಬಂದ ಮೇಲೆಯೇ.

ಮೂರನೇ ಸಲ ಕೂತು ಏಳುವಾಗ ಅಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದರು. "ಬಂತು ನೋಡು" ಅಂದರು. ನನಗೆ ಇನ್ನೂ ಗಾಳಿಯೋ ನೀರೋ ಗೊತ್ತಾಗುತ್ತಿರಲಿಲ್ಲ. ಇನ್ನಷ್ಟು ಮೆಟ್ಟಿಲು ಇಳಿದ ಮೇಲೆ ನನ್ನ ಕಿವಿಗೂ ಬಿತ್ತು.

ಮುತ್ಯಾಲು ಎಂದರೆ ತೆಲುಗಿನಲ್ಲಿ ಮುತ್ತುಗಳು. ಹೆಸರು ಯಾಕೆ ಬಂತೆಂದು ಕೆಳಗೆ ನಿಂತರೆ ಯಾರೂ ಹೇಳಬೇಕಿಲ್ಲ. ನೀರು ಒಂದೇ ಧಾರೆಯಾಗಿ ಬೀಳುವುದಿಲ್ಲ, ಬಂಡೆಗೆ ತಾಗಿ ಒಡೆದು ಹನಿಹನಿಯಾಗಿ ಉದುರುತ್ತದೆ. ಬಿಸಿಲು ಬಿದ್ದಾಗ ಪ್ರತಿ ಹನಿಯೂ ಬೇರೆಬೇರೆಯಾಗಿ ಕಾಣುತ್ತದೆ. ಒದ್ದೆ ಬಂಡೆಯ ಮೇಲೆ ಕಪ್ಪು ಹಸಿರು ಪಾಚಿ ಇತ್ತು, ಅದನ್ನು ಮೆಟ್ಟಿದರೆ ಯಾವ ಚಪ್ಪಲಿಯೂ ಕಾಯುವುದಿಲ್ಲ. ಒಣ ಕಲ್ಲಿನ ಮೇಲೇ ಅಮ್ಮನನ್ನು ಕೂರಿಸಿದೆ. ಗಾಳಿ ತಂದ ತುಂತುರು ಅಲ್ಲಿಯವರೆಗೂ ಬರುತ್ತಿತ್ತು. ಅವರು ಸೆರಗಿನಿಂದ ಮುಖ ಒರೆಸಿಕೊಳ್ಳಲಿಲ್ಲ. ಅಲ್ಲೇ ಹತ್ತಿರದ ಈಶ್ವರನ ಗುಡಿಗೆ ಕೂತಲ್ಲಿಂದಲೇ ಕೈಮುಗಿದು, ನಮ್ಮೂರ ಕೆರೆ ಕೋಡಿಯಲ್ಲಿ ಮೀನು ಹಿಡಿಯುತ್ತಿದ್ದ ತಮ್ಮ ಅಣ್ಣನ ಸುದ್ದಿ ತೆಗೆದರು. ಆ ಮಾವನ ಬಗ್ಗೆ ನಾನು ಅಷ್ಟೆಲ್ಲ ಕೇಳಿದ್ದು ಅದೇ ಮೊದಲು.

ಇಳಿಯಲು ನಲವತ್ತು ನಿಮಿಷ, ಹತ್ತಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಮೇಲೆ ಬಂದು ಚಿತ್ರಾನ್ನ ತಿಂದೆವು. ರಾತ್ರಿ ಮಂಡಿಗೆ ಬಿಸಿ ಹರಳೆಣ್ಣೆ ಹಚ್ಚಿದೆ. ಬೆಳಗ್ಗೆ ಎದ್ದು ನೋಡಿದರೆ ಬಾವು ಇರಲಿಲ್ಲ, ಅಮ್ಮ ಅಡುಗೆಮನೆಯಲ್ಲಿದ್ದರು. "ಸ್ವಾತಿ ಮಳೆ ಹೆಂಗೈತೋ ನೋಡು, ನಿಮ್ಮ ಚಿಕ್ಕಮ್ಮನ್ನೂ ಕರ್ಕೊಂಡು ಹೋಗಣ" ಅಂದರು. ಆಟೋದವರಿಗೆ ಅವತ್ತೇ ಹೇಳಿಟ್ಟೆ.